ಹಂದಿ ಗೂಡಿಗೆ ರೋಗ ಬರುವ ದಾರಿಗಳು: ಉತ್ತರ ಕನ್ನಡದ ಸಾಕಣೆದಾರರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಜಿಲ್ಲೆಯಲ್ಲಿ ಹಂದಿ ಸಾಕುವವರು ಬಹಳ ಇಲ್ಲ. ಕಾರವಾರ, ಹೊನ್ನಾವರದ ಕಡೆ ಹಿತ್ತಲಲ್ಲಿ ಎರಡು ಗೂಡು ಕಟ್ಟಿಕೊಂಡ ಮನೆಗಳು, ಹಳಿಯಾಳ, ಯಲ್ಲಾಪುರದ ಕಡೆ ನಾಲ್ಕಾರು ಹಂದಿ ಇಟ್ಟುಕೊಂಡ ಕುಟುಂಬಗಳು, ಈಚೆಗೆ ಸಾಲ ತೆಗೆದು ಶೆಡ್ ಹಾಕಿಸಿದ ಯುವಕರು. ಗೋವಾದ ಮಾರುಕಟ್ಟೆ ಪಕ್ಕದಲ್ಲೇ ಇರುವುದರಿಂದ ಮಾರಾಟಕ್ಕೆ ಚಿಂತೆಯಿಲ್ಲ. ಚಿಂತೆ ಇರುವುದು ರೋಗದ್ದು. ಇಪ್ಪತ್ತು ಹಂದಿ ಇದ್ದವನಿಗೆ ಒಂದೇ ವಾರದಲ್ಲಿ ಹದಿನೈದು ಹೋದರೆ ಮತ್ತೆ ಏಳುವುದು ಕಷ್ಟ.

ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲ ಪ್ರದೇಶದಲ್ಲಿ ಕಾಣಿಸಿಕೊಂಡಿತು. 2022ರ ಜುಲೈಯಲ್ಲಿ ಕೇರಳದ ವಯನಾಡಿಗೂ ಬಂತು. ಅದಕ್ಕೆ ಔಷಧಿಯಿಲ್ಲ, ನಮ್ಮ ದೇಶದಲ್ಲಿ ಬಳಕೆಗೆ ಒಪ್ಪಿಗೆ ಪಡೆದ ಲಸಿಕೆಯೂ ಇಲ್ಲ. ವಿಯೆಟ್ನಾಂ 2023ರಲ್ಲಿ ತನ್ನ ಲಸಿಕೆಗೆ ಒಪ್ಪಿಗೆ ಕೊಟ್ಟಿದೆ ಎನ್ನುವುದು ನಿಜ. ಆದರೆ ಇಲ್ಲಿ ಯಾರಾದರೂ ಬಾಟಲಿ ಹಿಡಿದು ‘ಇದೇ ಆ ಲಸಿಕೆ’ ಎಂದು ಬಂದರೆ ಗೇಟಿನಿಂದಲೇ ವಾಪಸ್ ಕಳಿಸಿ.

ಹಾಗಾಗಿ ಈ ಬರಹದಲ್ಲಿ ಔಷಧಿಯ ಮಾತು ಕಡಿಮೆ. ಹಂದಿಯ ರೋಗ ಬಹುಪಾಲು ಮನುಷ್ಯರ ಕೈಯಿಂದಲೇ ಬರುತ್ತದೆ: ವ್ಯಾಪಾರಿಯ ಪಿಕಪ್, ಹೋಟೆಲ್ ಮುಸುರೆಯ ಬಕೆಟ್, ಪಕ್ಕದ ಊರಿನ ಗಂಡು ಹಂದಿ, ಒಂದೇ ಸೂಜಿ. ಈ ದಾರಿಗಳನ್ನು ಮುಚ್ಚುವುದು ಮತ್ತು ಮುಚ್ಚಿಯೂ ಒಳಗೆ ಬಂದದ್ದನ್ನು ಮೊದಲ ದಿನವೇ ಗುರುತಿಸುವುದು, ಇವೆರಡನ್ನು ಕಲಿತರೆ ಮುಕ್ಕಾಲು ಕೆಲಸ ಆದ ಹಾಗೆ. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ ನಮ್ಮಲ್ಲಿ ಮೊದಲಿನಿಂದಲೂ ಜಾಸ್ತಿ.

ಬೆಳಗಿನ ಹತ್ತು ನಿಮಿಷ

ಹಂದಿಗಳನ್ನು ನೋಡಲು ಸರಿಯಾದ ಹೊತ್ತು ಬೆಳಗಿನ ಮೇವಿನ ಹೊತ್ತು. ಬಕೆಟ್ ಸದ್ದಿಗೆ ಆರೋಗ್ಯವಂತ ಹಂದಿ ಮಲಗಿರುವುದೇ ಇಲ್ಲ, ಕಿರುಚುತ್ತ ಒಂದರ ಮೇಲೊಂದು ಬೀಳುತ್ತವೆ. ಆಗ ಎದ್ದು ಬರದೆ ಮೂಲೆಯಲ್ಲೇ ಉಳಿದದ್ದು ಯಾವುದು ಎನ್ನುವುದೇ ದಿನದ ಮೊದಲ ಪ್ರಶ್ನೆ. ತಿನ್ನಲು ಕೊಟ್ಟು ತಕ್ಷಣ ಹೊರಟುಬಿಡಬೇಡಿ. ಹತ್ತು ನಿಮಿಷ ಅಲ್ಲೇ ನಿಂತು ನೋಡಿ.

ನೋಡಬೇಕಾದದ್ದು ಇಷ್ಟು. ಬಂದರೂ ಮೂತಿ ಇಟ್ಟು ತಿನ್ನದೆ ಹಿಂದೆ ಸರಿಯುವ ಹಂದಿ. ಸೆಖೆಯ ದಿನದಲ್ಲೂ ಚಳಿ ಹಿಡಿದ ಹಾಗೆ ಒಂದರ ಮೇಲೊಂದು ಒತ್ತಿ ಮಲಗಿದ ಗುಂಪು. ಕಿವಿಯ ತುದಿ, ಹೊಟ್ಟೆಯ ಅಡಿ, ತೊಡೆಯ ಒಳಭಾಗದಲ್ಲಿ ಕೆಂಪು ಅಥವಾ ನೇರಳೆ ಬಣ್ಣ. ಬಿಳಿ ಯಾರ್ಕ್‌ಶೈರ್ ಹಂದಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ, ನಾಟಿಯ ಕಪ್ಪು ಹಂದಿಯಲ್ಲಿ ಕಾಣುವುದಿಲ್ಲ, ಅಲ್ಲಿ ಕಣ್ಣಿನ ಒಳರೆಪ್ಪೆ ಎಳೆದು ನೋಡಬೇಕು. ಹಿಂಗಾಲು ಎಳೆಯುವ, ತೂರಾಡುವ ನಡಿಗೆ. ಕೆಮ್ಮು. ಸಗಣಿ ಗಟ್ಟಿಯಾಯಿತೆ, ನೀರಾಯಿತೆ, ರಕ್ತ ಬಂತೆ ಎನ್ನುವುದು. ಬೆಳಿಗ್ಗೆ ಕೊಟ್ಟದ್ದರಲ್ಲಿ ಎಷ್ಟು ಉಳಿದಿದೆ ಎನ್ನುವುದು ಇವೆಲ್ಲಕ್ಕಿಂತ ಮೊದಲೇ ಸುದ್ದಿ ಕೊಡುತ್ತದೆ. ಜ್ವರ ಏರಿದ ಹಂದಿ ಬೇರೆ ಏನನ್ನೂ ತೋರಿಸುವ ಮೊದಲು ತಿನ್ನುವುದನ್ನು ಬಿಡುತ್ತದೆ.

ಅನುಮಾನ ಬಂದರೆ ಥರ್ಮಾಮೀಟರ್. ಔಷಧಿ ಅಂಗಡಿಯ ಡಿಜಿಟಲ್ ಥರ್ಮಾಮೀಟರೇ ಸಾಕು, ಅದರ ಹಿಂಬದಿಗೆ ದಾರ ಕಟ್ಟಿ ಬಟ್ಟೆ ಕ್ಲಿಪ್ ಸಿಕ್ಕಿಸಿ ಬಾಲದ ಕೂದಲಿಗೆ ಹಾಕಿದರೆ ಒಳಗೆ ಜಾರಿ ಹೋಗುವುದಿಲ್ಲ. ತುದಿಗೆ ಸ್ವಲ್ಪ ತೆಂಗಿನೆಣ್ಣೆ ಸವರಿ ಗುದದಲ್ಲಿ ಇಡಿ. ಹಂದಿಯ ಸಹಜ ತಾಪ 101.5ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಅದು ಜ್ವರವೇ, ಹಂದಿಗೆ ಅಲ್ಲ. 104 ದಾಟಿದರೆ ಗಮನ ಕೊಡಿ, 105 ದಾಟಿದರೆ ಫೋನ್ ಮಾಡಿ. ಹಂದಿಗೆ ಬೆವರುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಏಪ್ರಿಲ್, ಮೇ ತಿಂಗಳ ಕರಾವಳಿಯ ಮಧ್ಯಾಹ್ನ ಅಳೆದರೆ ಸೆಖೆಯೂ ಜ್ವರದ ಹಾಗೆ ಕಾಣುತ್ತದೆ. ಬೆಳಿಗ್ಗೆ ಎಂಟರೊಳಗೆ ಅಳೆಯಿರಿ, ಪಕ್ಕದ ಗೂಡಿನ ಚೆನ್ನಾಗಿರುವ ಒಂದು ಹಂದಿಯದ್ದನ್ನೂ ಅಳೆದು ಹೋಲಿಸಿ.

ಗೂಡಿನ ಬಾಗಿಲಲ್ಲಿ ನೇತಾಡುವ ಪುಸ್ತಕ

ಮಕ್ಕಳ ನೂರು ಪುಟದ ನೋಟ್‌ಬುಕ್ ಸಾಕು. ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಪೆನ್ ಕಟ್ಟಿಡಿ. ಒಂದು ದಿನದ ಬರಹ ಹೀಗಿದ್ದರೆ ಸಾಕು:

‘ಜೂನ್ 12. ಗೂಡು 1: 6 ಹಂದಿ, ಎಲ್ಲ ತಿಂದವು. ಗೂಡು 2: 8, ಅರ್ಧ ಬಕೆಟ್ ಉಳಿಯಿತು, ಕಿವಿ ಕತ್ತರಿಸಿದ ಹೆಣ್ಣು ಏಳಲಿಲ್ಲ, ತಾಪ 104.6. ಮರಿ ಗೂಡು: 9ರಲ್ಲಿ 1 ತಾಯಿಯಡಿ ಸಿಕ್ಕಿ ಸತ್ತಿತು. ಹೊರಗಿನವರು: ಗ್ಯಾಸ್ ಸಿಲಿಂಡರ್ ಗಾಡಿ, ಅಂಗಳದವರೆಗೆ ಮಾತ್ರ. ಮೇವು: ಅಕ್ಕಿ ತೌಡು, ಹೊಸ ಚೀಲ.’

ಇದರಲ್ಲಿ ಬಹಳ ಜನ ಬಿಡುವುದು ಕೊನೆಯ ಎರಡು ಸಾಲು. ಯಾರು ಬಂದರು, ಮೇವು ಎಲ್ಲಿಂದ ಬಂತು ಎನ್ನುವುದನ್ನು ಬರೆದಿಡದಿದ್ದರೆ ಹತ್ತು ದಿನದ ಮೇಲೆ ರೋಗ ಕಾಣಿಸಿಕೊಂಡಾಗ ಅದು ಬಂದ ದಾರಿಯೇ ಸಿಗುವುದಿಲ್ಲ. ಆಫ್ರಿಕನ್ ಹಂದಿ ಜ್ವರದ ವೈರಾಣು ಒಳಗೆ ಸೇರಿದ ಮೇಲೆ ಲಕ್ಷಣ ಕಾಣಲು ನಾಲ್ಕರಿಂದ ಹತ್ತೊಂಬತ್ತು ದಿನ ಬೇಕಾಗಬಹುದು. ಅಷ್ಟು ದಿನದ ಹಿಂದೆ ಯಾರ ಗಾಡಿ ಬಂದಿತ್ತು ಎಂದು ನೆನಪಿನಿಂದ ಹೇಳುವವರು ಯಾರಿದ್ದಾರೆ?

ಸಾವಿನ ಲೆಕ್ಕವನ್ನು ಓದುವ ಬಗೆಯೂ ಗೊತ್ತಿರಬೇಕು. ಹಾಲು ಕುಡಿಯುವ ಮರಿಗಳಲ್ಲಿ ಹತ್ತರಲ್ಲಿ ಒಂದು ಸಾಯುವುದು ಸಾಮಾನ್ಯ: ತಾಯಿಯ ಅಡಿ ಸಿಕ್ಕಿ, ಚಳಿಗೆ, ಹಾಲು ಸಾಲದೆ. ಅದಕ್ಕೆ ಗಾಬರಿ ಬೇಡ. ಆದರೆ ಒಂದೇ ವಾರದಲ್ಲಿ ಎರಡು ದೊಡ್ಡ ಹಂದಿ ಸತ್ತರೆ, ಅಥವಾ ಒಂದೇ ತಿಂಗಳಲ್ಲಿ ಎರಡು ಹೆಣ್ಣು ಕಂದು ಹಾಕಿದರೆ, ಅದು ಸಾಮಾನ್ಯ ಅಲ್ಲ. ‘ಇನ್ನೊಂದು ಸತ್ತರೆ ನೋಡೋಣ’ ಎನ್ನುವ ಮಾತಿನಲ್ಲೇ ಅರ್ಧ ಹಿಂಡು ಹೋಗುತ್ತದೆ.

ಗೇಟಿನ ಕೆಲಸ

ಗೋವಾದ ಕಡೆಯಿಂದ ಬರುವ ವ್ಯಾಪಾರಿ ಆ ದಿನ ನಿಮ್ಮಲ್ಲಿಗೆ ಮಾತ್ರ ಬಂದಿರುವುದಿಲ್ಲ. ಬೆಳಿಗ್ಗೆ ಒಂದು ಊರು, ಮಧ್ಯಾಹ್ನ ಇನ್ನೊಂದು. ಅವನ ಪಿಕಪ್ಪಿನ ಹಲಗೆಯಲ್ಲಿ ಅಂಟಿದ ಸಗಣಿ, ಮೂತಿಗೆ ಹಾಕುವ ಹಗ್ಗ, ಓಡಿಸುವ ಕೋಲು, ಕೊನೆಗೆ ಅವನ ಚಪ್ಪಲಿ, ಎಲ್ಲವೂ ಬೇರೆ ಗೂಡುಗಳಿಂದ ಬಂದದ್ದು. ಆದ್ದರಿಂದ ತೂಕ, ಮಾತುಕತೆ, ಏರಿಸುವ ಕೆಲಸ ಎಲ್ಲ ಗೇಟಿನ ಆಚೆ, ಸಾಧ್ಯವಾದರೆ ರಸ್ತೆಯ ಬದಿಯಲ್ಲೇ ನಡೆಯಲಿ. ಹಂದಿಯನ್ನು ನಿಮ್ಮ ಜನ ನಿಮ್ಮ ಹಗ್ಗದಲ್ಲಿ ತಂದು ಬಿಡಲಿ. ಗಾಡಿ ಏರಿದ ಹಂದಿ, ರೇಟು ಕುದುರದಿದ್ದರೂ, ಮತ್ತೆ ಗೂಡಿಗೆ ಇಳಿಯುವಂತಿಲ್ಲ. ಇದೊಂದು ನಿಯಮಕ್ಕೆ ಜಗಳವಾದರೂ ಆಗಲಿ. ರೇಟನ್ನು ಮೊದಲೇ ಫೋನಿನಲ್ಲಿ ಮುಗಿಸಿಕೊಳ್ಳಿ. ಕ್ರಿಸ್‌ಮಸ್ ಮುಂಚಿನ ಒಂದೂವರೆ ತಿಂಗಳು ಗಾಡಿಗಳ ಓಡಾಟ ಜೋರು, ಆಗ ಇನ್ನೂ ಬಿಗಿಯಾಗಿರಿ.

ಗೂಡಿಗೆಂದೇ ಒಂದು ಜೋಡಿ ಗಮ್‌ಬೂಟ್ ಇಡಿ, ಅದು ಗೂಡಿನ ಬಾಗಿಲು ದಾಟಬಾರದು. ಬಾಗಿಲಲ್ಲಿ ಕಾಲು ಅದ್ದುವ ಔಷಧಿ ನೀರಿನ ತೊಟ್ಟಿಯ ವಿಷಯದಲ್ಲಿ ನನಗೆ ಅಂಥ ಭರವಸೆ ಇಲ್ಲ. ನಮ್ಮ ಮಳೆಗೆ ಅದು ಅರ್ಧ ಗಂಟೆಯಲ್ಲಿ ತುಂಬಿ ತೆಳ್ಳಗಾಗುತ್ತದೆ, ಬೇಸಿಗೆಯಲ್ಲಿ ಕೆಸರಾಗುತ್ತದೆ; ಇಟ್ಟರೆ ಮಾಡಿನ ಕೆಳಗೆ ಇಡಿ, ದಿನವೂ ನೀರು ಬದಲಿಸಿ. ಬೂಟು ಬದಲಿಸುವುದು ಅದಕ್ಕಿಂತ ಸುಲಭ, ಹೆಚ್ಚು ಖಾತ್ರಿ.

ಗಂಡು ಹಂದಿಯನ್ನು ಊರಿಂದೂರಿಗೆ ಕಳಿಸುವ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಇದೆ. ಹಂದಿ ಜ್ವರದಿಂದ ಹಿಡಿದು ಕಂದು ಹಾಕಿಸುವ ಬ್ರುಸೆಲ್ಲಾ ರೋಗದವರೆಗೆ ಎಲ್ಲವನ್ನೂ ಮನೆ ಮನೆಗೆ ಹಂಚಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಬೇಕಿಲ್ಲ. ನಾಲ್ಕಾರು ಹೆಣ್ಣು ಇದ್ದರೆ ಸ್ವಂತ ಗಂಡು ಇಟ್ಟುಕೊಳ್ಳಿ. ಒಂದೋ ಎರಡೋ ಹೆಣ್ಣು ಇದ್ದರೆ ತಳಿ ಮಾಡುವುದನ್ನೇ ಬಿಟ್ಟು, ನಂಬಿಕೆಯ ಒಂದೇ ಕಡೆಯಿಂದ ಮರಿ ತಂದು ಬೆಳೆಸಿ ಮಾರುವುದು ಲೇಸು.

ಘಟ್ಟದ ಮೇಲಿನವರಿಗೆ ಇನ್ನೊಂದು ಬಾಗಿಲಿದೆ: ಕಾಡು. ಕಾಡುಹಂದಿಗೂ ಆಫ್ರಿಕನ್ ಹಂದಿ ಜ್ವರ, ಹಳೆಯ (ಕ್ಲಾಸಿಕಲ್) ಹಂದಿ ಜ್ವರ ಎರಡೂ ತಗಲುತ್ತವೆ. ಜೋಯಿಡಾ, ಯಲ್ಲಾಪುರ, ಸಿದ್ದಾಪುರದ ತೋಟದಂಚಿನಲ್ಲಿ ಗೂಡು ಇದ್ದರೆ ಹಂದಿಗಳನ್ನು ಬಿಟ್ಟು ಮೇಯಿಸಬೇಡಿ. ಸುತ್ತ ಎರಡು ಸಾಲು ಬೇಲಿ, ನಡುವೆ ಒಂದು ಮಾರಿನಷ್ಟು ಜಾಗ ಇದ್ದರೆ ಮೂತಿಗೆ ಮೂತಿ ತಾಗುವುದಿಲ್ಲ. ಕಾಡುಹಂದಿಯ ಮಾಂಸ ಮನೆಗೆ ತರುವುದು ಕಾನೂನಿಗೆ ವಿರುದ್ಧ ಎನ್ನುವುದು ಒಂದು ಕಡೆ. ಅದನ್ನು ಕೊಯ್ದ ಕತ್ತಿ, ತೊಳೆದ ನೀರು ಗೂಡಿನ ಹತ್ತಿರ ಬಂದರೆ ಆಗುವ ಅನಾಹುತ ಇನ್ನೊಂದು ಕಡೆ. ಕಾಡಿನಲ್ಲಿ ಸತ್ತ ಹಂದಿ ಕಂಡರೆ ಮುಟ್ಟದೆ ಅರಣ್ಯ ಇಲಾಖೆಯವರಿಗೆ ತಿಳಿಸಿ.

ಮುಸುರೆ ಬಕೆಟ್, ಮೀನಿನ ಬಕೆಟ್

ಹೆದ್ದಾರಿಯ ಢಾಬಾ, ಗೋಕರ್ಣ, ಮುರ್ಡೇಶ್ವರದ ಲಾಡ್ಜುಗಳ ಮುಸುರೆ ಪುಕ್ಕಟೆ ಸಿಗುತ್ತದೆ, ಮೇವಿನ ಖರ್ಚು ಉಳಿಯುತ್ತದೆ. ಅದರಲ್ಲಿ ಒಂದು ತುಂಡು ಹಂದಿ ಮಾಂಸ ಇದ್ದರೆ ಸಾಕು. ಆಫ್ರಿಕನ್ ಹಂದಿ ಜ್ವರದ ವೈರಾಣು ಫ್ರೀಜರಿನ ಮಾಂಸದಲ್ಲಿ, ಉಪ್ಪು ಹಾಕಿ ಒಣಗಿಸಿದ ಮಾಂಸದಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಗೋವಾದ ಚೋರಿಸ್, ಸಾಸೇಜಿನ ಚೂರುಗಳು ಮುಸುರೆಯಲ್ಲಿ ಬರುವುದು ನಮ್ಮ ಕಡೆ ಅಪರೂಪವೇನಲ್ಲ.

ಕುದಿಸದೆ ಮುಸುರೆ ಹಾಕಲೇಬೇಡಿ. ಬಿಸಿ ಮಾಡುವುದು ಬೇರೆ, ಕುದಿಸುವುದು ಬೇರೆ. ತೊಂಬತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಾಗದಂತೆ ಪೂರ್ತಿ ಒಂದು ಗಂಟೆ, ನಡುನಡುವೆ ಕದಡುತ್ತ ಕುದಿಸಬೇಕು. ಇನ್ನೂರು ಲೀಟರ್ ಡ್ರಮ್ಮನ್ನು ಕಂಠದವರೆಗೆ ತುಂಬಿ ಕೆಳಗೆ ತೆಂಗಿನ ಸೋಗೆ ಉರಿಸಿದರೆ ತಳ ಸೀಯುತ್ತದೆ, ಮೇಲಿನ ಅನ್ನದ ಗಟ್ಟಿ ಉಗುರುಬೆಚ್ಚಗೇ ಉಳಿಯುತ್ತದೆ. ಅರ್ಧ ಡ್ರಮ್ ಮಾತ್ರ ತುಂಬಿ, ನೀರು ಹಾಕಿ ಸಡಿಲ ಮಾಡಿ, ಎಲ್ಲ ಕಡೆ ಗುಳ್ಳೆ ಎದ್ದ ಮೇಲೆ ಗಂಟೆ ಲೆಕ್ಕ ಶುರು ಮಾಡಿ. ಹಸಿ ಮುಸುರೆ ತಂದ ಬಕೆಟ್ಟಿನಲ್ಲಿ ಕುದಿಸಿದ್ದನ್ನು ತುಂಬಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಎರಡು ಬಣ್ಣದ ಬಕೆಟ್ ಇಡಿ. ಕಟ್ಟಿಗೆ, ಆಳು, ಹೊತ್ತು ಎಲ್ಲ ಲೆಕ್ಕ ಹಾಕಿದರೆ ಅಕ್ಕಿ ತೌಡು, ಕೊಬ್ಬರಿ ಹಿಂಡಿ, ಮೆಕ್ಕೆಜೋಳಕ್ಕಿಂತ ಮುಸುರೆ ಅಷ್ಟೇನೂ ಅಗ್ಗವಲ್ಲ ಎನ್ನುವುದು ನನ್ನ ಅಭಿಪ್ರಾಯ.

ಕರಾವಳಿಯ ಇನ್ನೊಂದು ಮೇವು ಮೀನಿನ ತ್ಯಾಜ್ಯ. ಕಾರವಾರ, ತದಡಿ, ಹೊನ್ನಾವರದ ಬಂದರಿನಿಂದ ತಂದು ಬೇಯಿಸಿ ಹಾಕುವವರಿದ್ದಾರೆ. ಇದರಿಂದ ಹಂದಿ ಜ್ವರ ಬರುವುದಿಲ್ಲ, ಆದರೆ ಬೇರೊಂದು ಗೊಂದಲ ಹುಟ್ಟುತ್ತದೆ. ಒಣಮೀನು, ಉಪ್ಪು ಮೀನಿನ ಚೂರು, ಮೀನು ಉಪ್ಪು ಹಾಕಿದ ನೀರು ಹೊಟ್ಟೆಗೆ ಹೋಗಿ, ಕುಡಿಯಲು ಸಾಕಷ್ಟು ಸಿಹಿನೀರು ಸಿಗದಿದ್ದರೆ ಹಂದಿಗೆ ಉಪ್ಪಿನ ವಿಷ ಏರುತ್ತದೆ. ಗೋಡೆಗೆ ತಲೆ ಒತ್ತಿ ನಿಲ್ಲುವುದು, ಗುಂಡಗೆ ಸುತ್ತುವುದು, ನಾಯಿಯ ಹಾಗೆ ಕುಂಡೆಯ ಮೇಲೆ ಕೂತು ನಡುಗುವುದು, ಮತ್ತೆ ಮತ್ತೆ ಫಿಟ್ಸ್. ನೋಡಿದವರು ಮೆದುಳಿಗೆ ಏರಿದ ರೋಗ ಎನ್ನುತ್ತಾರೆ. ವ್ಯತ್ಯಾಸ ಏನೆಂದರೆ ಇದರಲ್ಲಿ ಸಾಮಾನ್ಯವಾಗಿ ಜ್ವರ ಇರುವುದಿಲ್ಲ, ಒಂದೇ ತೊಟ್ಟಿಯಲ್ಲಿ ತಿಂದವು ಒಟ್ಟಿಗೆ ಬೀಳುತ್ತವೆ. ಆಗ ಗಾಬರಿಯಿಂದ ಬಕೆಟ್‌ಗಟ್ಟಲೆ ನೀರು ಇಟ್ಟುಬಿಡಬೇಡಿ, ಒಮ್ಮೆಲೇ ಕುಡಿದರೆ ಮೆದುಳು ಊದಿ ಸಾಯುತ್ತವೆ. ಸ್ವಲ್ಪ ಸ್ವಲ್ಪವೇ, ಗಂಟೆಗೊಮ್ಮೆ ಕೊಡುತ್ತ ಡಾಕ್ಟರನ್ನು ಕರೆಯಿರಿ. ಏಪ್ರಿಲ್, ಮೇನಲ್ಲಿ ನದಿಮುಖದ ಬಾವಿಗಳ ನೀರೇ ಸ್ವಲ್ಪ ಉಪ್ಪಾಗುತ್ತದೆ, ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಬದಿಯವರು ಇದನ್ನು ಗಮನದಲ್ಲಿಡಿ.

ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನಿನ ತ್ಯಾಜ್ಯ ನಿಲ್ಲುತ್ತದೆ, ಸಾಕಣೆದಾರ ಹೋಟೆಲ್ ಮುಸುರೆಗೆ ಹೊರಳುತ್ತಾನೆ. ಅದೇ ಹೊತ್ತಿಗೆ ಮಳೆ, ಒದ್ದೆ ನೆಲ, ಹಂದಿಗಳ ಶಕ್ತಿ ಕುಂದುವ ಕಾಲ. ಮೇ ತಿಂಗಳಲ್ಲೇ ಎರಡು ತಿಂಗಳ ತೌಡು, ಹಿಂಡಿ ಒಣ ಜಾಗದಲ್ಲಿ ಶೇಖರಿಸಿಟ್ಟರೆ ಈ ಹೊರಳಾಟವೇ ಬೇಡ.

ಹೊಸ ಹಂದಿ ತಂದಾಗ

ಮೂವತ್ತು ದಿನ ಪ್ರತ್ಯೇಕ. ಹಿತ್ತಲಿನ ಇನ್ನೊಂದು ಮೂಲೆ, ಗಾಳಿ ಬೀಸುವ ದಿಕ್ಕಿನ ಕೆಳಗೆ, ಅಲ್ಲಿಯ ಕೊಳಕು ನೀರು ಹಳೆ ಗೂಡಿನತ್ತ ಹರಿಯಬಾರದು. ಬಕೆಟ್, ಪೊರಕೆ, ಬೂಟು ಬೇರೆ. ಇಬ್ಬರು ಆಳು ಇಲ್ಲದಿದ್ದರೆ ಕ್ರಮ ಹೀಗೆ: ಮೊದಲು ಮರಿಗಳು, ಆಮೇಲೆ ದೊಡ್ಡವು, ಎಲ್ಲ ಮುಗಿದ ಮೇಲೆ ಹೊಸವು, ಕಾಯಿಲೆಯವು ಇದ್ದರೆ ಕಟ್ಟಕಡೆಗೆ. ಮೊದಲ ಎರಡು ವಾರ ದಿನಕ್ಕೆರಡು ಸಲ ತಾಪ ನೋಡಿ. ಜಂತುಹುಳದ ಔಷಧಿ, ಬರಬೇಕಾದ ಲಸಿಕೆ ಈ ಅವಧಿಯಲ್ಲೇ ಮುಗಿಯಲಿ. ಕೊನೆಯ ಎರಡು ವಾರ ನಿಮ್ಮದೇ ಒಂದು ಮಾರುವ ಹಂದಿಯನ್ನು ಹೊಸವುಗಳ ಜೊತೆ ಬಿಟ್ಟು ನೋಡುವುದು ಒಳ್ಳೆಯದು. ಹೊರಗೆ ಚೆನ್ನಾಗಿ ಕಂಡು ಒಳಗೆ ರೋಗ ಹೊತ್ತ ಹಂದಿ ಇದ್ದರೆ ಒಂದಕ್ಕೇ ತಗಲುತ್ತದೆ, ಹಿಂಡಿಗಲ್ಲ. ಸಂತೆಯಲ್ಲಿ ನಾಲ್ಕು ಕಡೆಯವು ಕಲೆತ ಮರಿ ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಬೇಡ.

ಲಸಿಕೆ

ಹಂದಿ ಜ್ವರಕ್ಕೆ, ಅಂದರೆ ಹಳೆಯ ಕ್ಲಾಸಿಕಲ್ ಹಂದಿ ಜ್ವರಕ್ಕೆ, ಒಳ್ಳೆಯ ಲಸಿಕೆ ಇದೆ. ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ಅದು ತಯಾರಾಗುತ್ತದೆ, ಕೇಂದ್ರದ ನಿಯಂತ್ರಣ ಕಾರ್ಯಕ್ರಮದಲ್ಲಿ ಪಶುಪಾಲನಾ ಇಲಾಖೆಯ ಮೂಲಕ ಹಾಕುತ್ತಾರೆ. ಲಸಿಕೆ ಹಾಕಿದ ತಾಯಿಯ ಮರಿಗೆ ಹಾಲಿನಿಂದ ಬಂದ ರಕ್ಷಣೆ ಇಳಿದ ಮೇಲೆ, ಸುಮಾರು ಎರಡರಿಂದ ಮೂರು ತಿಂಗಳಿಗೆ ಮೊದಲ ಸಲ, ಆಮೇಲೆ ವರ್ಷಕ್ಕೊಮ್ಮೆ. ಹೆಣ್ಣುಗಳಿಗೆ ಗಬ್ಬಕ್ಕೆ ಬಿಡುವ ಮೊದಲೇ ಮುಗಿಸಿ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ. ದನಗಳಿಗೆ ಹಾಕಲು ಊರಿಗೆ ಬಂದಾಗ ‘ನಮ್ಮಲ್ಲಿ ಹಂದಿಯೂ ಇದೆ’ ಎಂದು ಹೇಳಲು ಮುಜುಗರ ಬೇಡ. ಕಾಲುಬಾಯಿ ಜ್ವರ ಬಂದ ಹಂದಿ ಉಸಿರಿನಲ್ಲಿ ಬಿಡುವ ವೈರಾಣು ದನಕ್ಕಿಂತ ಬಹಳ ಹೆಚ್ಚು, ಪಕ್ಕದ ಕೊಟ್ಟಿಗೆಯವರಿಗೂ ನಿಮ್ಮ ಹಂದಿಯ ಲಸಿಕೆಯಿಂದ ಲಾಭವಿದೆ.

ಲಸಿಕೆ ಕೆಡುವುದು ಹೆಚ್ಚಾಗಿ ದಾರಿಯಲ್ಲಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನಕ್ಕೆ ಬರುವ ಊರುಗಳಿವೆ, ಮನೆಯ ಫ್ರಿಜ್‌ನಲ್ಲಿ ತಂದಿಡಬೇಡಿ. ಹಾಕುವ ದಿನವೇ ಐಸ್ ಡಬ್ಬದಲ್ಲಿ ತರಿಸಿ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಿ. ಸಿರಿಂಜನ್ನು ಸ್ಪಿರಿಟ್, ಡೆಟಾಲಿನಲ್ಲಿ ತೊಳೆದರೆ ಜೀವಂತ ಲಸಿಕೆ ಅಲ್ಲೇ ಸಾಯುತ್ತದೆ, ಕುದಿಸಿ ಆರಿಸಿದ್ದು ಸಾಕು. ಸೂಜಿ ಮಾತ್ರ ಹಂದಿಗೊಂದು. ಒಂದು ಜ್ವರದ ಹಂದಿಯ ರಕ್ತ ಅಂಟಿದ ಸೂಜಿ ಇಡೀ ಸಾಲಿಗೆ ರೋಗ ಹಾಕುತ್ತದೆ. ಸೂಜಿಯ ಡಬ್ಬ ನೀವೇ ತಂದಿಟ್ಟರೆ ಹಾಕುವವರೂ ಬೇಡ ಎನ್ನುವುದಿಲ್ಲ.

ಯಾವ ಲಕ್ಷಣಕ್ಕೆ ಯಾವ ಅನುಮಾನ

ಇಲ್ಲಿ ಬರೆಯುವುದು ಅನುಮಾನಕ್ಕೆ, ನಿರ್ಧಾರಕ್ಕಲ್ಲ.

ತೀವ್ರ ಜ್ವರ, ಮೇವು ಬಿಡುವುದು, ಕಿವಿ ಹೊಟ್ಟೆ ಕೆಂಪಾಗುವುದು, ವಾಂತಿ, ಕೆಲವೊಮ್ಮೆ ರಕ್ತಭೇದಿ, ತೂರಾಟ, ಗಬ್ಬದ ಹೆಣ್ಣು ಕಂದು ಹಾಕುವುದು: ಇದು ಹಂದಿ ಜ್ವರವೂ ಆಗಬಹುದು, ಆಫ್ರಿಕನ್ ಹಂದಿ ಜ್ವರವೂ ಆಗಬಹುದು. ಹೆಸರು ಒಂದೇ ತರಹ, ಕಾಣುವುದೂ ಒಂದೇ ತರಹ, ವೈರಾಣುಗಳು ಮಾತ್ರ ಸಂಬಂಧವೇ ಇಲ್ಲದವು. ಲಸಿಕೆ ಹಾಕಿಸಿದ ಹಿಂಡಿನಲ್ಲಿ ದೊಡ್ಡ ಹಂದಿಗಳೇ ಸಾಲಾಗಿ ಬೀಳತೊಡಗಿದರೆ ಆಫ್ರಿಕನ್ ಜ್ವರದ ಅನುಮಾನ ಗಟ್ಟಿಯಾಗುತ್ತದೆ. ಹೇಳಬೇಕಾದದ್ದು ಪ್ರಯೋಗಾಲಯ ಮಾತ್ರ. ಮನುಷ್ಯರಿಗೆ ಇವೆರಡೂ ತಗಲುವುದಿಲ್ಲ.

ಚರ್ಮದ ಮೇಲೆ ಇಸ್ಪೀಟಿನ ಡೈಮಂಡ್ ಆಕಾರದ, ಕೈಗೆ ಉಬ್ಬು ಸಿಗುವ ಕೆಂಪು ಗುರುತು ಎದ್ದರೆ ಎರಿಸಿಪೆಲಸ್. ಇದು ಬ್ಯಾಕ್ಟೀರಿಯಾದ್ದು, ಪೆನಿಸಿಲಿನ್‌ಗೆ ಒಂದೆರಡು ದಿನದಲ್ಲಿ ಬಗ್ಗುತ್ತದೆ. ಬಗ್ಗದಿದ್ದರೆ ಬೇರೆ ಆಂಟಿಬಯೋಟಿಕ್ ಹುಡುಕುತ್ತ ಕೂರಬೇಡಿ, ರೋಗವೇ ಬೇರೆ ಇರಬಹುದು. ಗಾಯವಿರುವ ಕೈಯಲ್ಲಿ ಮುಟ್ಟಿದರೆ ಇದು ನಮಗೂ ಅಂಟುತ್ತದೆ.

ಮೂತಿ, ಗೊರಸಿನ ಸಂದಿನಲ್ಲಿ ಗುಳ್ಳೆ, ಕುಂಟು, ಪುಟ್ಟ ಮರಿಗಳ ದಿಢೀರ್ ಸಾವು ಕಾಲುಬಾಯಿ ಜ್ವರದ ಕಡೆ ಬೆರಳು ತೋರಿಸುತ್ತದೆ. ಮೊದಲ ಮಳೆಯ ಹೊತ್ತಿಗೆ ಗಂಟಲು ಊದಿ, ಬಾಯಿ ತೆರೆದು ಉಸಿರಾಡಿ ಒಂದೇ ದಿನದಲ್ಲಿ ಸತ್ತರೆ ಗಳಲೆ ರೋಗದ ಅನುಮಾನ. ಗಬ್ಬದ ಕೊನೆಗೆ ಕಂದು ಹಾಕುವುದು, ಜೊತೆಗೆ ಹಿಂಡಿನಲ್ಲಿ ಕೆಮ್ಮು ಏದುಸಿರು ಇದ್ದರೆ ಅದು ವೈರಾಣು ರೋಗವಾದ ಪಿಆರ್‌ಆರ್‌ಎಸ್. ನಮ್ಮ ದೇಶದಲ್ಲಿ ಇದು ಮೊದಲು ಕಂಡದ್ದು 2013ರಲ್ಲಿ, ಮಿಜೋರಾಂನಲ್ಲಿ. ಹಾಲು ಬಿಡಿಸಿದ ಮರಿಗಳು ತಿಂದರೂ ಬಡಕಲಾಗುತ್ತ ಹೋದರೆ ಸರ್ಕೋ ವೈರಸ್ ಇರಬಹುದು, ಅಥವಾ ಬರೀ ಜಂತುಹುಳವೂ ಇರಬಹುದು. ಮೊದಲು ಸಗಣಿ ಪರೀಕ್ಷೆ ಮಾಡಿಸಿ, ಅದು ಅಗ್ಗ.

ಅನುಮಾನ ಬಂದ ದಿನ

ಮೊದಲು ಗೇಟು ಮುಚ್ಚಿ. ಹಂದಿ, ಮಾಂಸ, ಗೊಬ್ಬರ, ಮೇವಿನ ಖಾಲಿ ಚೀಲ ಏನೂ ಹೊರಗೆ ಹೋಗಬಾರದು. ಕಾಯಿಲೆಯದ್ದನ್ನು ಇನ್ನೊಂದು ಕಡೆ ಎಳೆದುಕೊಂಡು ಹೋಗುವ ಬದಲು ಅದೇ ಗೂಡಿನಲ್ಲಿ ಬಿಟ್ಟು, ಆ ಗೂಡಿಗೇ ಬೇರೆ ಬಕೆಟ್, ಬೇರೆ ಬೂಟು ಮಾಡಿ. ಎಲ್ಲವುಗಳ ತಾಪ ಅಳೆದು ಬರೆಯಿರಿ. ಆಮೇಲೆ ಫೋನ್: ಹತ್ತಿರದ ಪಶು ಆಸ್ಪತ್ರೆ, ಸಿಗದಿದ್ದರೆ ಪಶು ಸಹಾಯವಾಣಿ 1962. ‘ಒಂದು ಹಂದಿಗೆ ಹುಷಾರಿಲ್ಲ’ ಎನ್ನಬೇಡಿ. ‘ಹದಿನಾಲ್ಕರಲ್ಲಿ ಮೂರು ತಿನ್ನುತ್ತಿಲ್ಲ, ಎರಡಕ್ಕೆ 105 ದಾಟಿದೆ, ನಿನ್ನೆ ಒಂದು ಸತ್ತಿದೆ, ಹನ್ನೆರಡು ದಿನದ ಹಿಂದೆ ಗಾಡಿ ಬಂದಿತ್ತು’ ಎನ್ನಿ. ಪುಸ್ತಕ ನೋಡಿ ಹೇಳುವ ಈ ಒಂದು ಸಾಲಿಗೆ ಡಾಕ್ಟರು ಓಡಿ ಬರುತ್ತಾರೆ.

ತಿಳಿಸುವುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದೂ ಅಲ್ಲ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪ್ರಕಾರ ಇಂಥ ರೋಗದ ಅನುಮಾನ ಬಂದರೆ ಸಾಕಿದವರು ತಿಳಿಸಲೇಬೇಕು. ಆದರೂ ಜನ ಮುಚ್ಚಿಡುತ್ತಾರೆ, ಕಾರಣವೂ ಅರ್ಥವಾಗುವಂಥದ್ದೇ: ಆಫ್ರಿಕನ್ ಹಂದಿ ಜ್ವರ ಖಚಿತವಾದರೆ ಸುತ್ತ ಒಂದು ಕಿಲೋಮೀಟರ್ ಸೋಂಕಿತ ವಲಯ, ಹತ್ತು ಕಿಲೋಮೀಟರ್ ನಿಗಾ ವಲಯ ಘೋಷಿಸುತ್ತಾರೆ, ಸೋಂಕಿತ ವಲಯದ ಹಂದಿಗಳನ್ನು ಕೊಲ್ಲುತ್ತಾರೆ. ಹಾಗೆಂದು ಅರೆಜೀವದ ಹಂದಿಗಳನ್ನು ರಾತ್ರೋರಾತ್ರಿ ಮಾರಿದರೆ ರೋಗ ಮೂರು ತಾಲೂಕಿಗೆ ಹೋಗುತ್ತದೆ. ದುಡ್ಡಿನ ಲೆಕ್ಕದಲ್ಲೂ ಅದು ನಷ್ಟವೇ. ಸರ್ಕಾರದ ಪರಿಹಾರ, ಕೇಂದ್ರ ಅರ್ಧ ರಾಜ್ಯ ಅರ್ಧ ಕೊಡುವಂಥದ್ದು, ಇರುವುದು ನಿಯಂತ್ರಣಕ್ಕಾಗಿ ಕೊಂದ ಹಂದಿಗಳಿಗೆ. ತಡ ಮಾಡಿದಷ್ಟೂ ತಾವಾಗಿ ಸತ್ತವುಗಳ ಸಂಖ್ಯೆ ಏರುತ್ತದೆ, ಪರಿಹಾರದ ಸಂಖ್ಯೆ ಇಳಿಯುತ್ತದೆ.

ಸತ್ತ ಹಂದಿಯ ಹೊಟ್ಟೆ ನೀವು ಕೊಯ್ದು ನೋಡಬೇಡಿ. ಒಂದು ಹನಿ ರಕ್ತದಲ್ಲಿ ಇಡೀ ಊರಿಗಾಗುವಷ್ಟು ವೈರಾಣು ಇರುತ್ತದೆ. ಡಾಕ್ಟರು ರಕ್ತ, ಬೇಕಾದರೆ ಗುಲ್ಮದ ತುಂಡು ತೆಗೆದು ಐಸಿನಲ್ಲಿ ಕಳಿಸುತ್ತಾರೆ. ಹೆಬ್ಬಾಳದಲ್ಲಿರುವ ದಕ್ಷಿಣ ಪ್ರಾದೇಶಿಕ ರೋಗ ಪತ್ತೆ ಪ್ರಯೋಗಾಲಯಕ್ಕೆ ಅದು ಹೋಗುತ್ತದೆ. ಆಫ್ರಿಕನ್ ಜ್ವರದ ಅಂತಿಮ ಖಾತ್ರಿಗೆ ಭೋಪಾಲದ ರಾಷ್ಟ್ರೀಯ ಸಂಸ್ಥೆಯೂ ಇದೆ. ಮಳೆಗಾಲದಲ್ಲಿ ಮಾದರಿ ತಲುಪಲು ತಡವಾಗಬಹುದು. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಗಿದ್ದನ್ನು ನಾವೆಲ್ಲ ನೋಡಿದ್ದೇವೆ. ವರದಿ ಬರುವವರೆಗೆ ರೋಗ ಇದೆ ಎಂದೇ ನಡೆದುಕೊಳ್ಳಿ.

ಹೂಳುವುದು, ತೊಳೆಯುವುದು

ಕರಾವಳಿಯಲ್ಲಿ ಇದು ನಿಜವಾದ ತಲೆನೋವು. ಮರಳು ನೆಲದಲ್ಲಿ ಜುಲೈಯಲ್ಲಿ ಮೂರು ಅಡಿ ಅಗೆದರೆ ನೀರು. ಅಲ್ಲಿ ಹೂತದ್ದು ಹೂತ ಹಾಗಲ್ಲ, ನಾಲ್ಕು ಮನೆಯ ಬಾವಿಗೆ ಹಾಕಿದ ಹಾಗೆ. ಮೇ ತಿಂಗಳಲ್ಲೇ ಎತ್ತರದ ಜಾಗ ಒಂದನ್ನು ಗುರುತು ಮಾಡಿಡಿ. ಬಾವಿ, ಹಳ್ಳದಿಂದ ದೂರ, ಮಳೆಗಾಲದಲ್ಲೂ ಗುಂಡಿಯ ತಳಕ್ಕಿಂತ ಕೆಳಗೇ ನೀರಿರುವಂಥದ್ದು. ಚಿರೇಕಲ್ಲಿನ ನೆಲವಾದರೆ ಹಾರೆಯಲ್ಲಿ ಆಗುವ ಕೆಲಸವಲ್ಲ, ಜೆಸಿಬಿ ಬೇಕು. ಬಿರುಕಿನಲ್ಲಿ ನೀರು ಇಳಿಯುವ ಹಳೇ ಕಲ್ಲುಕ್ವಾರಿ ಬೇಡ. ಆರು ಅಡಿ ಆಳ, ತಳಕ್ಕೆ ಸುಣ್ಣ, ಹೆಣದ ಮೇಲೆ ಸುಣ್ಣ, ಅದರ ಮೇಲೆ ಕನಿಷ್ಠ ಮೂರು ಅಡಿ ಮಣ್ಣು, ಮೇಲೆ ಮುಳ್ಳುಕಂಟಿ, ಕಲ್ಲು. ನಾಯಿ ಅಗೆದು ಒಂದು ಕಾಲು ಎಳೆದುಕೊಂಡು ಹೋದರೆ ಮಾಡಿದ್ದೆಲ್ಲ ವ್ಯರ್ಥ. ಹೊಳೆಗೆ, ಸಮುದ್ರಕ್ಕೆ ಎಸೆಯುವುದನ್ನು ನಾನು ಬೇಡ ಎಂದು ಬರೆಯಬೇಕಾಗಿ ಬಂದಿರುವುದೇ ಬೇಸರದ ಸಂಗತಿ.

ತೊಳೆಯುವುದರಲ್ಲಿ ಔಷಧಿಗಿಂತ ಉಜ್ಜುವುದು ಮುಖ್ಯ. ಸಗಣಿ ಅಂಟಿದ ನೆಲದ ಮೇಲೆ ಯಾವ ದ್ರಾವಣ ಸುರಿದರೂ ಸಗಣಿಯೇ ಅದನ್ನು ಕುಡಿದುಬಿಡುತ್ತದೆ. ಕೆರೆದು ತೆಗೆದು, ಸೋಪಿನ ನೀರಲ್ಲಿ ಉಜ್ಜಿ, ಒಣಗಿದ ಮೇಲೆ ದ್ರಾವಣ. ಕಾಸ್ಟಿಕ್ ಸೋಡಾ ಹತ್ತು ಲೀಟರಿಗೆ 200 ಗ್ರಾಂ. ಯಾವಾಗಲೂ ನೀರಿಗೆ ಸೋಡಾ ಹಾಕಬೇಕು, ಸೋಡಾದ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ರಬ್ಬರ್ ಗ್ಲೌಸು, ಕನ್ನಡಕ ಬೇಕೇ ಬೇಕು, ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲಸಬಾರದು. ಬಕೆಟ್, ಬೂಟಿಗೆ ಬ್ಲೀಚಿಂಗ್ ಪೌಡರ್, ಹತ್ತು ಲೀಟರಿಗೆ 300 ಗ್ರಾಂ. ಎರಡೂ ಅರ್ಧ ಗಂಟೆ ಒದ್ದೆಯಾಗೇ ಇರಬೇಕು. ನಮ್ಮ ತೇವದ ಹವೆಯಲ್ಲಿ ಬಾಯಿ ತೆರೆದ ಬ್ಲೀಚಿಂಗ್ ಚೀಲ ಕೆಲವೇ ವಾರಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ. ಘಾಟು ಇಲ್ಲದ ಪೌಡರ್ ಬರೀ ಹಿಟ್ಟು. ಗೋಡೆಗೆ ಸುಣ್ಣ ಬಳಿಯಲು ಚಿಪ್ಪಿಸುಣ್ಣ ಒಳ್ಳೆಯದೇ, ಹೊಸದಾಗಿ ಸುಟ್ಟು ಅರಳಿಸಿದ್ದಾದರೆ ಮಾತ್ರ. ಹತ್ತು ಲೀಟರಿಗೆ ಎರಡು ಕಿಲೋ. ವರ್ಷದಿಂದ ಮೂಲೆಯಲ್ಲಿದ್ದ ಸುಣ್ಣ ಗೋಡೆ ಬೆಳ್ಳಗೆ ಮಾಡುತ್ತದೆ, ಅಷ್ಟೇ.

ಮನೆಯವರ ಆರೋಗ್ಯ

ನಮ್ಮ ಕರಾವಳಿಯಲ್ಲಿ ಇಲಿಜ್ವರ ಮಳೆಗಾಲದ ರೋಗ. ಇಲಿ ಮಾತ್ರವಲ್ಲ, ಸೋಂಕಿದ ಹಂದಿಯ ಮೂತ್ರದಲ್ಲೂ ಅದು ಬರುತ್ತದೆ. ಬರಿಗಾಲಲ್ಲಿ ಗೂಡು ತೊಳೆಯಬೇಡಿ, ಕಂದು ಹಾಕಿದ್ದನ್ನು ಬರಿಗೈಯಲ್ಲಿ ಎತ್ತಬೇಡಿ, ಗರ್ಭಿಣಿಯರು ಆ ಕೆಲಸಕ್ಕೇ ಬೇಡ. ಜ್ವರ, ಮೀನಖಂಡ ನೋವು, ಕೆಂಪು ಕಣ್ಣು ಬಂದರೆ ಆಸ್ಪತ್ರೆಯಲ್ಲಿ ‘ಹಂದಿ ಸಾಕುತ್ತೇವೆ’ ಎಂದು ಮೊದಲೇ ಹೇಳಿ.

ಮಿದುಳು ಜ್ವರದ ಜಪಾನೀಸ್ ಎನ್ಸೆಫಲೈಟಿಸ್ ವೈರಾಣು ಹಂದಿಯ ರಕ್ತದಲ್ಲಿ ಬೆಳೆಯುತ್ತದೆ, ಗದ್ದೆಯ ನೀರಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಮಕ್ಕಳಿಗೆ ದಾಟಿಸುತ್ತದೆ. ದೊಡ್ಡ ಹಂದಿ ಚೆನ್ನಾಗೇ ಕಾಣುತ್ತದೆ, ಸತ್ತ ಮರಿ ಹಾಕುವುದೊಂದೇ ಸುಳಿವು. ಗೂಡು ಮಲಗುವ ಕೋಣೆಯಿಂದ ದೂರ ಇರಲಿ, ಸಂಜೆ ಗೂಡಿಗೂ ಸೊಳ್ಳೆಪರದೆ ಇಳಿಸಿ, ಮಕ್ಕಳ ಲಸಿಕೆಯ ಬಗ್ಗೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಲಾಡಿಹುಳದ ಚಕ್ರ ತುಂಡಾಗಬೇಕಾದರೆ ಹಂದಿಗೆ ಮನುಷ್ಯರ ಮಲ ಸಿಗಬಾರದು, ಮಾಂಸ ಚೆನ್ನಾಗಿ ಬೇಯಬೇಕು. ಗೂಡಿನ ಮೇಲೆ ಮಾವು, ಪೇರಲೆ ಕೊಂಬೆ ಚಾಚಿದ್ದರೆ ಕಡಿಸಿ: 1998–99ರಲ್ಲಿ ಮಲೇಷ್ಯಾದಲ್ಲಿ ನಿಪಾ ಬಾವಲಿಯಿಂದ ಹಂದಿಗೆ, ಹಂದಿಯಿಂದ ಮನುಷ್ಯರಿಗೆ ದಾಟಿತ್ತು. ಕೇರಳದ 2018ರದ್ದು ಹಂದಿಯಿಂದ ಬಂದದ್ದಲ್ಲ. ಆದರೂ ಬಾವಲಿ ಚೀಪಿದ ಹಣ್ಣು, ಅಡಿಕೆ ಆರಿಸಿ ಹಂದಿಗೆ ಹಾಕುವ ರೂಢಿ ತೋಟದವರು ಬಿಡುವುದು ಒಳ್ಳೆಯದು.

ಮತ್ತೆ ಶುರು ಮಾಡುವಾಗ

ಹಿಂಡು ಪೂರ್ತಿ ಹೋದ ಗೂಡಿಗೆ ಇಲಾಖೆಯ ಒಪ್ಪಿಗೆ ಇಲ್ಲದೆ ಮರಿ ತರಬೇಡಿ. ಒಪ್ಪಿಗೆ ಸಿಕ್ಕ ಮೇಲೂ ಒಮ್ಮೆಗೇ ಇಪ್ಪತ್ತು ಬೇಡ. ಎರಡು ಮೂರು ಮರಿ ಬಿಟ್ಟು ಆರು ವಾರ ನೋಡಿ, ಎಲ್ಲ ಗೂಡುಗಳಲ್ಲೂ ಸರದಿಯಂತೆ ಇರಿಸಿ, ರಕ್ತ ಪರೀಕ್ಷೆ ಮಾಡಿಸಿ. ಕೆರೆದು ತೆಗೆದ ಹಳೇ ಗೊಬ್ಬರವನ್ನು ಅಡಿಕೆ ತೋಟದವರು ಕೇಳಿಕೊಂಡು ಬರುತ್ತಾರೆ. ಕೊಡಬೇಡಿ. ಒಂದು ಕಡೆ ರಾಶಿ ಹಾಕಿ, ಸುಣ್ಣ ಬೆರೆಸಿ, ಟಾರ್ಪಾಲು ಮುಚ್ಚಿ ಕಾಯಿಸಿ, ಡಾಕ್ಟರು ಹೇಳಿದ ಮೇಲೆ ನಿಮ್ಮದೇ ಗಿಡಗಳ ಬುಡಕ್ಕೆ ಹಾಕಿಕೊಳ್ಳಿ.